ಮುರಿದುಕೊಂಡ ಪಿ.ಎಫ್. ದುಡ್ಡು ಕೇಳೋರ್‍ಯಾರು?

ಮಡಿವಾಳ: 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆಯ ಬಸ್ಸುಗಳು ನಿಂತಲ್ಲೇ ನಿಂತದ್ದನ್ನು ಇಲ್ಲಿನ ಅಂಗಡಿಯವರು, ಪ್ರಯಾಣಿಕರು ಮರೆತಿರಲಾರರು. 58 ವರ್ಷವಾಗುವವರೆಗೆ ಮಾಲೀಕರ ಪಾಲಿನ ಪಿ.ಎಫ್. ಮುಟ್ಟಬಾರದೆಂಬ ಕೇಂದ್ರದ ಕಟ್ಟಳೆ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದರು. ಎರಡೇ ದಿನ! ಏಪ್ರಿಲ್ 19ರಂದು ದಿಲ್ಲಿ ಮಣಿಯಿತು.

ಅಷ್ಟು ಹೋರಾಡಿ ಉಳಿಸಿಕೊಂಡ ದುಡ್ಡಿಗೆ ಸದ್ದಿಲ್ಲದೆ ಇನ್ನೊಂದು ಕತ್ತರಿ ಇದೆ. ಐದು ವರ್ಷ ಸರ್ವೀಸು ತುಂಬುವ ಮೊದಲೇ 50 ಸಾವಿರ ಅಥವಾ ಹೆಚ್ಚು ತೆಗೆದರೆ ನೂರಕ್ಕೆ ಹತ್ತು ತೆರಿಗೆ ಮುರಿದುಕೊಳ್ಳುತ್ತಾರೆ. ಪಾನ್ ನಂಬರು ಇಲ್ಲದಿದ್ದರೆ ಇನ್ನೂ ಜಾಸ್ತಿ.

ಮುರಿದ ಮಾತ್ರಕ್ಕೆ ಹೋಯಿತೆಂದಲ್ಲ. ತೆಗೆದ ಹಣವನ್ನು ರಿಟರ್ನ್‌ನಲ್ಲಿ ತೋರಿಸಬೇಕು. ವರ್ಷದ ಒಟ್ಟು ಆದಾಯಕ್ಕೆ ತೆರಿಗೆಯೇ ಬರದಿದ್ದರೆ ಮುರಿದದ್ದೆಲ್ಲ ವಾಪಸು. ಅಂಥವರು ಅರ್ಜಿ ಹಾಕುವಾಗಲೇ ಘೋಷಣಾ ಪತ್ರ ಕೊಟ್ಟರೆ ಕಡಿತವೇ ಆಗದು. ಫ್ಯಾಕ್ಟರಿ ಬದಲಿಸಿದಾಗ ಹಳೇ ಖಾತೆಯನ್ನು ಹೊಸದಕ್ಕೆ ವರ್ಗ ಮಾಡಿಸಿದರೆ ಹಿಂದಿನ ಸರ್ವೀಸೂ ಐದು ವರ್ಷದ ಲೆಕ್ಕಕ್ಕೆ ಸೇರುತ್ತದೆ. ಕಾಯಿಲೆಯಿಂದ ಕೆಲಸ ಹೋದರೆ, ಫ್ಯಾಕ್ಟರಿಯೇ ಮುಚ್ಚಿದರೆ ತೆರಿಗೆಯಿಲ್ಲ.

ಸರಿ, ಕಾನೂನೇನೋ ಇದೆ. ಹೊಲಿಗೆ ಮಿಷನ್ ಮುಂದೆ ಬೆನ್ನು ಬಗ್ಗಿಸಿ ಕೂತವಳಿಗೆ ಅದನ್ನು ಹೇಳೋರು ಯಾರು? ಮುರಿಯುವ ಕೆಲಸ ತಾನಾಗಿ ನಡೆಯುತ್ತದೆ. ವಾಪಸು ಬೇಕಾದರೆ ಮಾತ್ರ ಫಾರಂ ತುಂಬಬೇಕು, ತುಂಬಿಸಿದವನಿಗೆ ಫೀಸು ಕೊಡಬೇಕು.

ಈ ನಾಲ್ಕು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಫ್ಯಾಕ್ಟರಿ ಗೇಟಿಗೆ ಅಂಟಿಸಲು ಪಿ.ಎಫ್. ಇಲಾಖೆಗೆ ಎಷ್ಟು ಖರ್ಚು? ಬಾಯಿಬಿಟ್ಟು ಕೇಳದವರ ದುಡ್ಡು ಖಜಾನೆಗೇ ಸೇರಲಿ ಅನ್ನುವುದು ಯಾವ ಸೀಮೆ ನ್ಯಾಯ?