ಬಿದಿಗೆಯ ಚಂದ್ರ, ತದಿಗೆಯ ಚಂದ್ರ

ಚೈತ್ರ ಕಳೆದು ವೈಶಾಖ ಕಾಲಿಟ್ಟಿತೆಂದರೆ ಬೆಳಗಾವಿಯ ಬೀದಿಗಳಿಗೆ ಹೊಸ ಕಳೆ ಬರುತ್ತದೆ. ಹಗಲಿನ ಬಿಸಿಲು ಇಳಿದು ಪಡುವಣ ಗಾಳಿ ಬೀಸತೊಡಗಿದೊಡನೆ ಆಬಾಲವೃದ್ಧರೆಲ್ಲರೂ ಮನೆಯಿಂದ ಹೊರಬೀಳುತ್ತಾರೆ. ಅವರು ಹೊರಟಿರುವುದು ಚಿತ್ರಮಂದಿರಕ್ಕಲ್ಲ, ಸರ್ಕಸ್ಸಿನ ಡೇರೆಗೂ ಅಲ್ಲ. ಟಿಕೇಟಿಲ್ಲದ, ಬಾಗಿಲು ಕಾಯುವವನಿಲ್ಲದ, ಮುಂದಿನ ಸಾಲು ಹಿಂದಿನ ಸಾಲೆಂಬ ಭೇದವಿಲ್ಲದ ರಂಗಮಂದಿರಕ್ಕೆ. ಬೀದಿಯೇ ಆ ರಂಗಮಂದಿರ. ನಾಡಿನ ಇತಿಹಾಸವೇ ಅಲ್ಲಿಯ ನಾಟಕ.

ಬೇಸಗೆಯ ಪಂಚಾಂಗವನ್ನು ಬಿಚ್ಚಿದರೆ ಈ ನಾಟಕದ ಅಂಕಗಳು ಒಂದಾದ ಮೇಲೊಂದು ಕಾಣಬರುತ್ತವೆ. ಚೈತ್ರ ಶುದ್ಧ ತ್ರಯೋದಶಿಗೆ ಮಹಾವೀರ ಜಯಂತಿ. ಏಪ್ರಿಲ್ 14ಕ್ಕೆ ಡಾ. ಅಂಬೇಡಕರರ ಜಯಂತಿ, 1925ರ ಏಪ್ರಿಲ್ ತಿಂಗಳಲ್ಲಿ ಇದೇ ಜಿಲ್ಲೆಯ ನಿಪ್ಪಾಣಿಗೆ ಅವರು ಪರಿಷತ್ತಿಗಾಗಿ ಬಂದಿದ್ದರೆಂಬುದು ಈ ಭಾಗಕ್ಕೆ ಅಭಿಮಾನದ ಸಂಗತಿ. ವೈಶಾಖ ಶುದ್ಧ ಬಿದಿಗೆಗೆ ಶಿವಾಜಿ ಜಯಂತಿ. ಅದರ ಬೆನ್ನಿಗೇ ತದಿಗೆಯಂದು, ಅಕ್ಷಯ ತೃತೀಯೆಯ ದಿನ, ಬಸವ ಜಯಂತಿ. ಮರಾಠಿ ಮಾತನಾಡುವವರ ಅಭಿಮಾನದ ದಿನಕ್ಕೂ ಕನ್ನಡ ಮಾತನಾಡುವವರ ಅಭಿಮಾನದ ದಿನಕ್ಕೂ ನಡುವಿನ ಅಂತರ ಚಂದ್ರನ ಒಂದೇ ಒಂದು ಕಲೆ!

ಶಿವಾಜಿ ಮಹಾರಾಜರ ಜನ್ಮತಿಥಿಯ ವಿಷಯದಲ್ಲಿ ಪಂಡಿತರು ಬಹುಕಾಲ ವಾದಿಸಿದ್ದಾರೆ. ಹಳೆಯ ಎಣಿಕೆಯಂತೆ ಅದು 1627ರ ವೈಶಾಖ ಶುದ್ಧ ಬಿದಿಗೆ. 1916ರಲ್ಲಿ ಲೋಕಮಾನ್ಯ ತಿಲಕರು 'ಜೇಧೆ ಶಕಾವಳಿ'ಯೆಂಬ ಪುರಾತನ ಕಾಲಗಣನೆಯನ್ನು ಪ್ರಕಟಪಡಿಸಿದ ಮೇಲೆ 1630ರ ಫಾಲ್ಗುಣ ವದ್ಯ ತದಿಗೆಗೆ ಬಲ ಬಂದಿತು. ಇಂದು ಸರಕಾರಗಳು ಆಚರಿಸುವುದು ಅದಕ್ಕೆ ಸರಿಹೊಂದುವ ಫೆಬ್ರವರಿ 19ನ್ನೇ. ಆದರೆ ಬೆಳಗಾವಿಯ ಬೀದಿ ತನ್ನ ಬಿದಿಗೆಯನ್ನು ಬಿಟ್ಟುಕೊಟ್ಟಿಲ್ಲ. ಜನರ ಈ ಹಟಕ್ಕೆ ಅವರದೇ ಆದ ಕಾರಣಗಳಿವೆ: ಸುಗ್ಗಿ ಮುಗಿದಿದೆ, ಶಾಲೆಗೆ ರಜೆಯಾಗಿದೆ, ಮಳೆಗಾಲ ಇನ್ನೂ ದೂರವಿದೆ. ಹಳ್ಳಿಯವನಿಗೆ ಪೇಟೆಗೆ ಬಂದು ಒಂದಿರುಳು ನಿದ್ದೆಗೆಡಲು ಇದಕ್ಕಿಂತ ಹದವಾದ ಕಾಲ ಯಾವುದು?

ಬಿದಿಗೆಯಂದು ಪೂಜೆ. ಯುವಕರು ದೂರದ ಕೋಟೆಗಳಿಂದ ಹೊತ್ತಿಸಿ ಓಡುತ್ತ ತಂದ ಜ್ಯೋತಿಯನ್ನು ಓಣಿಓಣಿಗಳಲ್ಲಿ ಎದುರುಗೊಳ್ಳುತ್ತಾರೆ. ಚಿತ್ರರಥಗಳ ಮೆರವಣಿಗೆ ಸಾಮಾನ್ಯವಾಗಿ ಒಂದೆರಡು ದಿನ ಕಳೆದು ಹೊರಡುತ್ತದೆ. ಒಂದು ಬಂಡಿಯ ಮೇಲೆ 1666ರಲ್ಲಿ ಆಗ್ರಾದಿಂದ ಪಾರಾದ ಸಾಹಸ, ಇನ್ನೊಂದರ ಮೇಲೆ 1674ರ ಪಟ್ಟಾಭಿಷೇಕ. ಪಾತ್ರಧಾರಿಗಳು ಅದೇ ಓಣಿಯ ಹುಡುಗರು. ನಿನ್ನೆ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದವನು ಇಂದು ಮಾವಳಿ ವೀರ. ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಖಾನಾಪುರದ ಕಡೆಯಿಂದ ಬಂದ ಸಂಸಾರಗಳು ಅಂಗಡಿಗಳ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿಕೊಂಡು, ನಿದ್ದೆಗಣ್ಣಿನ ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳಗಿನವರೆಗೂ ಕುಳಿತಿರುತ್ತವೆ.

ಹೀಗಾಗಿ ಬಿದಿಗೆಯ ಪೂಜೆಗೂ ಚಿತ್ರರಥದ ಇರುಳಿಗೂ ನಡುವೆ ಬಸವ ಜಯಂತಿ ಬಂದು ನಿಲ್ಲುತ್ತದೆ. ಅಂದು ರೈತನು ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟುತ್ತಾನೆ. ಪೇಟೆಯಲ್ಲಿ ಬಸವೇಶ್ವರರ ಭಾವಚಿತ್ರದ ಮೆರವಣಿಗೆ, ವಚನಗಳ ಗಾಯನ, ಬಂದವರಿಗೆಲ್ಲ ಪಾನಕ, ಪ್ರಸಾದ. ಉಂಡವನ ಕುಲವನ್ನಾಗಲಿ ಭಾಷೆಯನ್ನಾಗಲಿ ಕೇಳುವವರಿಲ್ಲ.

ಎರಡೂ ಉತ್ಸವಗಳು ನೋಡುವವನಿಗೆ ಪುಕ್ಕಟೆ, ಮಾಡುವವನಿಗಲ್ಲ. ಪಟ್ಟಿ ಎತ್ತಬೇಕು, ಚಪ್ಪರ ಹಾಕಬೇಕು, ದೀಪ, ವಾದ್ಯ, ಊಟಗಳ ಲೆಕ್ಕ ಹೊಂದಿಸಬೇಕು. ಪಟ್ಟಿಯ ಪುಸ್ತಕ ಹಿಡಿದು ಬಂದ ಹುಡುಗರಿಗೆ ಅಂಗಡಿಕಾರನು ಬಿದಿಗೆಗೂ ಕೊಡುತ್ತಾನೆ, ತದಿಗೆಗೂ ಕೊಡುತ್ತಾನೆ. ಹೂವಾಡಿಗನ ಬುಟ್ಟಿಗೆ ಭಾಷೆಯಿಲ್ಲ. ಡೊಳ್ಳಿಗೂ ತಾಶೆಗೂ ಗಡಿಯಿಲ್ಲ.

ಆದರೆ ಗಡಿಯ ಮಾತು ಇಲ್ಲಿ ಬರಿಯ ಅಲಂಕಾರವಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಈ ನಗರವು ಕನ್ನಡ ರಾಜ್ಯವನ್ನು ಸೇರಿದಂದಿನಿಂದಲೂ ವಿವಾದವು ಹೊಗೆಯಾಡುತ್ತಲೇ ಇದೆ. 1967ರಲ್ಲಿ ಮಹಾಜನ ಆಯೋಗವು ಬೆಳಗಾವಿ ನಗರ ಕರ್ನಾಟಕದಲ್ಲಿಯೇ ಉಳಿಯಬೇಕೆಂದೂ, ನಂದಗಡವೇ ಮೊದಲಾದ ಖಾನಾಪುರದ ಕೆಲವು ಗ್ರಾಮಗಳು ಮಹಾರಾಷ್ಟ್ರಕ್ಕೆ ಸೇರಬಹುದೆಂದೂ ಹೇಳಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಇದರ ನೆರಳು ಉತ್ಸವದ ಮೇಲೂ ಬೀಳದಿರುವುದಿಲ್ಲ. ಯಾರ ಮೆರವಣಿಗೆ ಉದ್ದವಾಯಿತು, ಯಾರ ವಾದ್ಯ ಜೋರಾಯಿತು, ಯಾರ ಧ್ವಜ ಎತ್ತರವಾಯಿತು ಎಂದು ಅಳೆಯುವವರು ಎರಡು ಕಡೆಯೂ ಇದ್ದಾರೆ. ಬಿದಿಗೆಗೆ ಬಂದವನು ತದಿಗೆಗೆ ಬಾಗಿಲು ಹಾಕಿಕೊಂಡರೆ, ತದಿಗೆಗೆ ಬಂದವನು ಚಿತ್ರರಥದ ಇರುಳಿಗೆ ಬೆನ್ನು ತಿರುಗಿಸಿದರೆ, ಅಲ್ಲಿಗೆ ಉತ್ಸವ ಮುಗಿಯಿತು. ಉಳಿಯುವುದು ಬಲಪ್ರದರ್ಶನ ಮಾತ್ರ.

ಹೀಗೆ ಅಳೆಯುವವರು ಮರೆತ ಸಂಗತಿಯೊಂದಿದೆ. ಶಿವಾಜಿ ಉತ್ಸವವನ್ನು 1896ರಲ್ಲಿ ರಾಯಗಡದಲ್ಲಿ ನಡೆಸಿ ನಾಡಿಗೆ ಹಬ್ಬಿಸಿದವರು ತಿಲಕರು. ಬಸವ ಜಯಂತಿಯನ್ನು 1913ರಲ್ಲಿ ದಾವಣಗೆರೆಯಲ್ಲಿ ಸಾರ್ವಜನಿಕವಾಗಿ ಮೊದಲುಮಾಡಿದವರು ಹರ್ಡೇಕರ ಮಂಜಪ್ಪನವರು. ಆ ಮಂಜಪ್ಪನವರಾದರೋ ತಿಲಕರ ಸ್ವದೇಶೀ ಚಳವಳಿಗೆ ಮನಸೋತು ಶಾಲಾಮಾಸ್ತರಿಕೆಯನ್ನು ತ್ಯಜಿಸಿದವರು! ಹಂಚಿಹೋದ ಜನವನ್ನು ಒಂದು ಬಯಲಿಗೆ ಕರೆತರಬೇಕೆಂಬ ಒಂದೇ ಹಂಬಲದಿಂದ ಹೊತ್ತಿದ ದೀಪಗಳಿವು. ಒಂದೇ ತಾಯಿಯ ಮಕ್ಕಳನ್ನು ದಾಯಾದಿಗಳೆಂದು ತಿಳಿದು ಜಗಳಕ್ಕೆ ನಿಲ್ಲಿಸುವುದು ಯಾವ ನ್ಯಾಯ?

ಇತಿಹಾಸವನ್ನು ಕೆದಕಿದಷ್ಟೂ ಇಂಥ ನಂಟುಗಳು ಹೊರಬೀಳುತ್ತವೆ. ಶಿವಾಜಿಯ ತಂದೆ ಶಹಾಜಿ ಬೆಂಗಳೂರಿನಲ್ಲಿ ಜಹಗೀರುದಾರನಾಗಿದ್ದು, 1664ರಲ್ಲಿ ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ ಮಡಿದನು. ಅವನ ಸಮಾಧಿ ಇರುವುದು ಕನ್ನಡದ ಮಣ್ಣಿನಲ್ಲಿ. ಬೈಲಹೊಂಗಲ ತಾಲೂಕಿನ ಬೆಳವಡಿಯ ಮಲ್ಲಮ್ಮ ಮರಾಠರ ಸೇನೆಯನ್ನು ಎದುರಿಸಿದಳೆಂದೂ, ಶಿವಾಜಿ ಅವಳ ಶೌರ್ಯಕ್ಕೆ ಮೆಚ್ಚಿ ಗೌರವಿಸಿದನೆಂದೂ ಈ ಭಾಗದ ಜನ ಹೇಳುತ್ತ ಬಂದಿದ್ದಾರೆ. ಗೆದ್ದವನು ಸೋತವಳ ಮುಂದೆ ತಲೆಬಾಗಿದ ಆ ಗಳಿಗೆಗಿಂತ ಚೆಲುವಾದ ಚಿತ್ರರಥ ಬೇರೆ ಯಾವುದಿದ್ದೀತು? ಮರಾಠಿ ಸಂಗೀತ ನಾಟಕದ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಜನಿಸಿದ್ದು ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯ ಕೋಟೆಯೊಳಗೆ ರಟ್ಟರ ಮಂತ್ರಿ ಬೀಚಣನು 1204ರ ಸುಮಾರಿಗೆ ಕಟ್ಟಿಸಿದ ಬಸದಿಯಿದೆ. ಕೆಲವೇ ಹೆಜ್ಜೆಗಳಾಚೆ ಆಸದಖಾನನು ಕಟ್ಟಿಸಿದ ಸಫಾ ಮಸೀದಿಯಿದೆ. ಕಲ್ಲುಗಳು ನೂರಾರು ವರ್ಷ ಒಂದೇ ಆವರಣದಲ್ಲಿ ಹೊಂದಿಕೊಂಡಿವೆ.

ಖಾನಾಪುರ ತಾಲೂಕಿನ ಕಥೆಯೂ ಇಂಥದೇ. ಕಲ್ಯಾಣದ ಕ್ರಾಂತಿಯ ತರುವಾಯ ಉಳವಿಯತ್ತ ನಡೆದ ಶರಣರಲ್ಲಿ ಡೋಹರ ಕಕ್ಕಯ್ಯನವರ ನೆನಪು ಕಕ್ಕೇರಿಯಲ್ಲಿ ನಿಂತಿದೆ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ನಂದಗಡದಲ್ಲಿ. ಕನ್ನಡದ ಶರಣನನ್ನೂ ಕನ್ನಡದ ವೀರನನ್ನೂ ತಮ್ಮ ಮಣ್ಣಿನಲ್ಲಿಟ್ಟುಕೊಂಡು ಕಾಯುತ್ತಿರುವ ಈ ಸೀಮೆಯ ಅನೇಕ ಮನೆಗಳಲ್ಲಿ ಆಡುವ ಮಾತು ಮರಾಠಿ.

ಮಾತಿನ ವಿಷಯದಲ್ಲಿ ಒಂದು ವಿನೋದವುಂಟು. ಈ ಭಾಗದ ಅನೇಕ ಕನ್ನಡ ಮನೆಗಳಲ್ಲಿ 'ಆಯಿ' ಎಂದರೆ ಅಜ್ಜಿ. ಮರಾಠಿ ಮನೆಗಳಲ್ಲಿ ತಾಯಿ. ಚಿತ್ರರಥದ ಜಂಗುಳಿಯಲ್ಲಿ ಕೈತಪ್ಪಿದ ಮಗುವೊಂದು 'ಆಯಿ' ಎಂದು ಅತ್ತರೆ, ಒಬ್ಬಾಕೆ ನರೆತ ತಲೆಯವಳನ್ನು ಹುಡುಕಹೊರಟಾಳು, ಇನ್ನೊಬ್ಬಾಕೆ ಹರೆಯದವಳನ್ನು. ಆದರೆ ಮಗುವನ್ನು ಎತ್ತಿಕೊಂಡು ಕಣ್ಣೊರೆಸುವುದಕ್ಕೆ ಮೊದಲು ಅದರ ಮನೆಮಾತು ಯಾವುದೆಂದು ಕೇಳುವವಳು ಇಬ್ಬರಲ್ಲಿ ಒಬ್ಬಳೂ ಇರಲಾರಳು. ಉತ್ಸವದ ಜೀವ ಇರುವುದು ಅಲ್ಲಿ.

ಖಾನಾಪುರ ತಾಲೂಕಿನ ಹಲಸಿ ಕದಂಬರ ಕಾಲದ ಪಲಾಶಿಕೆ. ಅಲ್ಲಿಯ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ, ನಡುವೆ ಮಂಟಪ. ಒಬ್ಬ ದೇವರಿಗೆ ಕೈಮುಗಿದು ನಿಂತರೆ ಇನ್ನೊಬ್ಬ ದೇವರಿಗೆ ಬೆನ್ನಾಗುತ್ತದೆ. ಅದಕ್ಕಾಗಿ ಯಾವ ಭಕ್ತನೂ ಕೊರಗಿಲ್ಲ, ಯಾವ ದೇವರೂ ಮುನಿದಿಲ್ಲ. ಕೈಮುಗಿದವನು ನಿಂತಲ್ಲಿಯೇ ತಿರುಗಿ ಮತ್ತೊಮ್ಮೆ ಕೈಮುಗಿಯುತ್ತಾನೆ, ಪೂಜೆ ಪೂರ್ಣವಾಗುತ್ತದೆ. ಬಿದಿಗೆಗೂ ತದಿಗೆಗೂ ನಡುವೆ ನಿಂತ ಬೆಳಗಾವಿಯವನು ಮಾಡಬೇಕಾದುದೂ ಇಷ್ಟೇ.