ಮಡಿಸಿಟ್ಟ ನಕ್ಷೆ, ಜಾರಿದ ಗುಡ್ಡ

ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ಪಶ್ಚಿಮ ಭಾಗದಲ್ಲಿ, ಆಪಲೇಚಿಯನ್ ಬೆಟ್ಟಸಾಲಿನ ನಡುವೆ ಆಶ್‌ವಿಲ್ ಎಂಬ ಪಟ್ಟಣವಿದೆ. ಸಮುದ್ರ ಅಲ್ಲಿಂದ ನೂರಾರು ಕಿಲೋಮೀಟರ್ ದೂರ. ಪಟ್ಟಣವಿರುವುದು ಸುಮಾರು 650 ಮೀಟರ್ ಎತ್ತರದಲ್ಲಿ. ಕರಾವಳಿಯ ಚಂಡಮಾರುತವೂ ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚೂ ತಲುಪದ ಈ ತಂಪು ನೆಲವು ಹವಾಗುಣ ಬದಲಾವಣೆಯ ಕಾಲದಲ್ಲಿ ಸುರಕ್ಷಿತ ತಾಣವೆಂದು ಹೆಸರಾಗಿತ್ತು. 2024ರ ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ ಆ ನಂಬಿಕೆ ನೀರಿನೊಡನೆ ಕೊಚ್ಚಿಹೋಯಿತು.

ಮೆಕ್ಸಿಕೊ ಕೊಲ್ಲಿಯ ಬೆಚ್ಚನೆಯ ನೀರಿನ ಮೇಲೆ ಬಲಿತ ಹೆಲೀನ್ ಚಂಡಮಾರುತ ಫ್ಲಾರಿಡಾ ತೀರವನ್ನು ದಾಟಿ, ಒಳನಾಡಿಗೆ ನುಗ್ಗಿ, ಈ ಬೆಟ್ಟಗಳ ಮೇಲೆ ಮಳೆ ಸುರಿಸಿತು. ಕೆಲವು ಶಿಖರಪ್ರದೇಶಗಳಲ್ಲಿ ಮೂರು ದಿನಗಳಲ್ಲಿ ಬಿದ್ದ ಮಳೆ 30 ಅಂಗುಲದಷ್ಟು. ಸುಮಾರು 2,000 ಕಡೆಗಳಲ್ಲಿ ಗುಡ್ಡ ಜಾರಿತು. ಆ ಒಂದು ರಾಜ್ಯದಲ್ಲಿಯೇ ನೂರಕ್ಕೂ ಹೆಚ್ಚು ಜನ ಸತ್ತರು. ಆಶ್‌ವಿಲ್ ನಗರದ ನಲ್ಲಿಗಳಲ್ಲಿ ಕುಡಿಯಲು ಯೋಗ್ಯವಾದ ನೀರು ಮತ್ತೆ ಬಂದದ್ದು 53 ದಿನಗಳ ನಂತರ. ನದಿದಂಡೆಯ ಹೊಲಗಳ ಮೇಲ್ಮಣ್ಣು ಹೋಗಿ ಮರಳು ಬಂದು ಕುಳಿತಿತು. ಒಂದು ಅಂಗುಲ ಮೇಲ್ಮಣ್ಣು ಕೂಡಲು ನೂರಾರು ವರ್ಷ ಬೇಕೆಂಬುದನ್ನು ಬಲ್ಲ ನನ್ನಂತಹ ಮಣ್ಣಿನ ವಿದ್ಯಾರ್ಥಿಗೆ ಇದು ಮನೆಮುರಿದ ಸುದ್ದಿಗಿಂತ ಸಣ್ಣದಲ್ಲ.

ಇದೇ ಆಶ್‌ವಿಲ್‌ಗೆ ಇನ್ನೊಂದು ಗುರುತಿದೆ. ಅಮೆರಿಕದ ರಾಷ್ಟ್ರೀಯ ಪರಿಸರ ಮಾಹಿತಿ ಕೇಂದ್ರ ಇರುವುದು ಅಲ್ಲಿಯೇ. ಹವೆಯ ಕುರಿತಾದ ದಾಖಲೆಗಳ ಜಗತ್ತಿನ ಅತಿ ದೊಡ್ಡ ಉಗ್ರಾಣಗಳಲ್ಲಿ ಅದೊಂದು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶೇಕಡ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು, ಆ ಆವಿ ಮಳೆಯಾಗಿ ಇಳಿಯಲೇಬೇಕು ಎಂಬುದು ಅಲ್ಲಿಯ ವಿಜ್ಞಾನಿಗಳಿಗೆ ಎಳೆಯ ಪಾಠ. ಹಾಗಿದ್ದ ಮೇಲೆ ಆ ನಾಡಿಗೆ ಕೊರತೆಯಿದ್ದದ್ದು ತಿಳಿವಳಿಕೆಯದಲ್ಲ. ಮತ್ತೆ ಯಾವುದರದು?

ಉತ್ತರ ಆ ರಾಜ್ಯದ ಶಾಸನಸಭೆಯ ಕಡತಗಳಲ್ಲಿದೆ. 2004ರಲ್ಲಿ ಒಂದರ ಹಿಂದೆ ಒಂದರಂತೆ ಬಂದ ಎರಡು ಚಂಡಮಾರುತಗಳ ಮಳೆಗೆ ಅಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಎಚ್ಚೆತ್ತ ಸರ್ಕಾರ 2005ರಲ್ಲಿ ಬೆಟ್ಟಸೀಮೆಯ 19 ಜಿಲ್ಲೆಗಳ ಕುಸಿತದ ಅಪಾಯವನ್ನು ನಕ್ಷೆಯಲ್ಲಿ ಗುರುತಿಸಲು ಹಣ ಕೊಟ್ಟಿತು. ಭೂವಿಜ್ಞಾನಿಗಳು ಕೆಲವೇ ಜಿಲ್ಲೆಗಳನ್ನು ಮುಗಿಸಿದ್ದರು. 2011ರಲ್ಲಿ ಶಾಸಕರು ಆ ಹಣವನ್ನು ಕಡಿದುಹಾಕಿದರು. ನಕ್ಷೆ ಬರೆಯುತ್ತಿದ್ದವರು ಕೆಲಸ ಕಳೆದುಕೊಂಡರು. ಕೆಲಸ ಮತ್ತೆ ಆರಂಭವಾದದ್ದು 2018ರಲ್ಲಿ. ನಕ್ಷೆ ಬಂದರೆ ಇಳಿಜಾರಿನ ಜಮೀನಿನ ಬೆಲೆ ಇಳಿಯುತ್ತದೆ ಎಂಬ ಆತಂಕ ಮನೆ ಕಟ್ಟಿ ಮಾರುವವರಲ್ಲಿಯೂ ಭೂಮಾಲೀಕರಲ್ಲಿಯೂ ಇತ್ತು.

ಕರಾವಳಿಯಲ್ಲಿಯೂ ಇದೇ ಕಥೆ. ಈ ಶತಮಾನದ ಕೊನೆಗೆ ಕಡಲು ಸುಮಾರು ಒಂದು ಮೀಟರ್ ಏರಬಹುದು, ಅದಕ್ಕೆ ತಕ್ಕಂತೆ ಯೋಜಿಸಿರಿ ಎಂದು ರಾಜ್ಯದ ವಿಜ್ಞಾನ ಸಮಿತಿ 2010ರಲ್ಲಿ ಹೇಳಿತು. 2012ರಲ್ಲಿ ಶಾಸನಸಭೆ ಒಂದು ಕಾಯಿದೆ ಮಾಡಿ, ಅಂತಹ ಅಂದಾಜಿನ ಮೇಲೆ ನಿಯಮ ರೂಪಿಸುವುದನ್ನು ಕೆಲವು ವರ್ಷಗಳ ಕಾಲ ತಡೆಯಿತು. ಕಡಲಿಗೆ ಈ ಕಾಯಿದೆಯ ಪ್ರತಿಯನ್ನು ಯಾರೂ ಕಳುಹಿಸಿರಲಾರರು! 2023ರಲ್ಲಿ ರಾಜ್ಯಪಾಲರ ವಿರೋಧವನ್ನೂ ಮೀರಿ, ವಾಸದ ಮನೆಗಳನ್ನು ಕಟ್ಟುವ ನಿಯಮಗಳನ್ನು 2031ರವರೆಗೆ ಪರಿಷ್ಕರಿಸಬಾರದೆಂದು ಅದೇ ಸಭೆ ತೀರ್ಮಾನಿಸಿತು. ಮರುವರ್ಷವೇ ಹೆಲೀನ್ ಬಂತು.

ಇಡೀ ದೇಶದ ರಾಜಕಾರಣ ಇದರ ಹಿಗ್ಗಿಸಿದ ಪ್ರತಿ. 1988ರಲ್ಲಿಯೇ ನಾಸಾದ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಭೂಮಿ ಬಿಸಿಯಾಗುತ್ತಿದೆ ಎಂದು ಸಾಕ್ಷಿ ನುಡಿದರು. 1997ರಲ್ಲಿ, ಅಭಿವೃದ್ಧಿಶೀಲ ದೇಶಗಳಿಗೂ ಕಟ್ಟುಪಾಡು ಹಾಕದ, ತಮ್ಮ ಅರ್ಥವ್ಯವಸ್ಥೆಗೆ ಪೆಟ್ಟು ಕೊಡುವ ಒಪ್ಪಂದಕ್ಕೆ ಸಹಿ ಹಾಕಕೂಡದೆಂದು ಅದೇ ಸೆನೆಟ್ 95–0 ಮತಗಳಿಂದ ನಿರ್ಣಯಿಸಿತು. ಅಂದು ಎರಡೂ ಪಕ್ಷಗಳು ಒಂದಾಗಿದ್ದವೆಂಬುದನ್ನು ಮರೆಯಬಾರದು. 2001ರಲ್ಲಿ ಬುಷ್ ಸರ್ಕಾರ ಕ್ಯೋಟೋ ಒಪ್ಪಂದವನ್ನು ಕೈಬಿಟ್ಟಿತು. ಪ್ಯಾರಿಸ್ ಒಪ್ಪಂದದಿಂದ 2020ರಲ್ಲಿ ಹೊರಹೋದ ಅಮೆರಿಕ 2021ರಲ್ಲಿ ಮರಳಿತು. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಮತ್ತೆ ಹೊರಹೋಗುವ ಆದೇಶಕ್ಕೆ ಸಹಿ ಹಾಕಿದರು. ಸೌರ ಮತ್ತು ಪವನ ವಿದ್ಯುತ್ತಿಗೆ 2022ರ ಕಾಯಿದೆ ನೀಡಿದ್ದ ತೆರಿಗೆ ನೆರವನ್ನು 2025ರ ಜುಲೈ ತಿಂಗಳ ಕಾಯಿದೆ ಮೊಟಕುಗೊಳಿಸಿತು. ಜಗತ್ತಿನ ಜನಸಂಖ್ಯೆಯಲ್ಲಿ ಶೇಕಡ 4ರಷ್ಟಿರುವ, ಇದುವರೆಗೆ ಆಕಾಶಕ್ಕೆ ಸೇರಿರುವ ಪಳೆಯುಳಿಕೆ ಇಂಧನಗಳ ಇಂಗಾಲದಲ್ಲಿ ಸುಮಾರು ಕಾಲುಪಾಲಿಗೆ ಹೊಣೆಯಾದ ದೇಶದ ನಡೆ ಇದು.

ಅಷ್ಟಕ್ಕೇ ನಿಲ್ಲಲಿಲ್ಲ. ನೂರು ಕೋಟಿ ಡಾಲರಿಗೂ ಹೆಚ್ಚು ನಷ್ಟ ತಂದ ವಿಕೋಪಗಳ ಲೆಕ್ಕವನ್ನು ಆಶ್‌ವಿಲ್‌ನ ಕೇಂದ್ರ 1980ರಿಂದ ಇಡುತ್ತ ಬಂದಿತ್ತು. 2024ರ ಕೊನೆಗೆ ಅಂತಹವು 403. ಒಟ್ಟು ನಷ್ಟ 2.9 ಲಕ್ಷ ಕೋಟಿ ಡಾಲರಿಗೂ ಮಿಕ್ಕಿದ್ದು. 2025ರ ಮೇ ತಿಂಗಳಲ್ಲಿ ಸರ್ಕಾರ ಈ ಲೆಕ್ಕವನ್ನು ಮುಂದುವರಿಸುವುದಿಲ್ಲವೆಂದು ಪ್ರಕಟಿಸಿತು. ಬಳಿಕ ಒಂದು ಖಾಸಗಿ ಸಂಸ್ಥೆ ಆ ಕೆಲಸವನ್ನು ಕೈಗೆತ್ತಿಕೊಳ್ಳಬೇಕಾಯಿತು. ಸರ್ಕಾರ ಲೆಕ್ಕ ಬಿಟ್ಟರೂ ವಿಮಾ ಕಂಪನಿಗಳು ಬಿಟ್ಟಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅತಿ ಹೆಚ್ಚು ಮನೆಗಳಿಗೆ ವಿಮೆ ನೀಡುತ್ತಿದ್ದ ಕಂಪನಿ 2023ರಲ್ಲಿ ಅಲ್ಲಿ ಹೊಸ ಮನೆಗಳಿಗೆ ವಿಮೆ ನಿಲ್ಲಿಸಿತು. ಹೆಲೀನ್ ಬಡಿದ ಬೆಟ್ಟದ ಊರುಗಳಲ್ಲಂತೂ ಪ್ರವಾಹ ವಿಮೆ ಇದ್ದ ಮನೆಗಳು ತೀರ ವಿರಳ.

ಓದುಗ ಮಿತ್ರರೇ, ಅಮೆರಿಕವನ್ನು ಜರೆದು ಲೇಖನ ಮುಗಿಸುವುದು ಸುಲಭ. ಆದರೆ ನಕ್ಷೆಗೆ ಹೆದರಿದವರೆಲ್ಲರೂ ಲೋಭಿಗಳೆಂದು ನಾನು ಹೇಳಲಾರೆ. ನನ್ನ ಮನೆಯ ಹಿಂದೆಯೂ ಧರೆಯಿದೆ. ಅದರ ಮೇಲೆ ನನ್ನ ಕಾಫಿ ಗಿಡಗಳಿವೆ. ನಾಳೆ ಯಾರಾದರೂ ಬಂದು ಇದಕ್ಕೆ ಕೆಂಪು ಬಣ್ಣ ಬಳಿದರೆ ಮೊದಲು ನನ್ನ ಮನಸ್ಸಿಗೆ ಬರುವುದು ವಿಜ್ಞಾನವಲ್ಲ, ಸಾಲ ಮತ್ತು ಪಹಣಿ.

ಆ ಭಯ ನಮ್ಮ ಮಲೆನಾಡಿನ ರಾಜಕಾರಣವನ್ನೂ ಆಳುತ್ತಿದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಬಿದ್ದಿತು. ಜುಲೈ 30ರಂದು ವಯನಾಡಿನಲ್ಲಿ ಊರುಗಳೇ ಮಣ್ಣಾದವು. ಮರುದಿನ ಕೇಂದ್ರ ಸರ್ಕಾರ ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶಗಳ ಆರನೆಯ ಕರಡು ಹೊರಡಿಸಿತು. ಹೆಲೀನ್ ಆಶ್‌ವಿಲ್ ಬೆಟ್ಟಗಳಿಗೆ ಅಪ್ಪಳಿಸಿದ ವಾರವೇ ಕರ್ನಾಟಕದ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಆದರೆ 2011ರ ಗಾಡ್ಗೀಳ್ ಸಮಿತಿ ಕೇಳಿದ್ದೇನು? ಯಾವ ನೆಲವನ್ನು ಹೇಗೆ ಕಾಪಾಡಬೇಕೆಂಬುದು ಗ್ರಾಮಸಭೆಗಳಲ್ಲಿ ಚರ್ಚೆಯಾಗಲಿ ಎಂದು. ಆ ಚರ್ಚೆಯನ್ನು ಬಿಟ್ಟು, ಮೇಲಿನಿಂದ ಗೆರೆ ಎಳೆಯುವುದು ಮತ್ತು ಆ ಗೆರೆಯನ್ನು ಮೇಲಿನಿಂದಲೇ ಅಳಿಸುವುದು, ಇವೆರಡೇ ನಡೆದಿವೆ.

ಗುಡ್ಡ ಜಾರುವ ಸಂಭವವಿರುವ ಜಾಗಗಳ ನಕ್ಷೆ ಕನ್ನಡದಲ್ಲಿ, ಸರ್ವೆ ನಂಬರ್ ಸಹಿತ, ಪ್ರತಿ ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ಇರಬೇಕು. ಸಾಗುವಳಿದಾರನ ಹಕ್ಕಿಗೆ ಚ್ಯುತಿ ಬಾರದೆಂಬ ಲಿಖಿತ ಭರವಸೆ ಅದರೊಡನೆ ಬರಬೇಕು. ಮೊದಲ ನಿರ್ಬಂಧ ಬೀಳಬೇಕಾದದ್ದು ಗುಡ್ಡ ಕಡಿಯುವ ರಸ್ತೆ, ಕಲ್ಲುಕ್ವಾರಿ, ರೆಸಾರ್ಟುಗಳ ಮೇಲೆ. ನಮ್ಮ ತೋಟದ ಮೇಲಲ್ಲ. ಈ ಮೂರನ್ನೂ ಬರುವ ಗ್ರಾಮಸಭೆಯಲ್ಲಿ ಕೇಳೋಣ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡೇ ಎದ್ದು ಬರೋಣ. ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರನ್ನು ಕೇಳಿ, ಎಲ್ಲೆಲ್ಲಿ ಯಾವ ವರ್ಷ ಧರೆ ಕುಸಿದಿತ್ತೆಂಬುದನ್ನು ಈ ಮಳೆಗಾಲಕ್ಕೆ ಮುನ್ನ ಗುರುತು ಹಾಕಲಿ. ಅಷ್ಟರಮಟ್ಟಿಗೆ ನಕ್ಷೆ ನಮ್ಮದೇ ಆಗುತ್ತದೆ.