ಸೆರೆಮನೆಯ ತಲೆಯೆಣಿಕೆ

ವಸಂತಪುರದ ವಲ್ಲಭರಾಯಸ್ವಾಮಿಯ ಗುಡಿಯ ಬೀದಿಯಲ್ಲಿ ಒಂದು ಮನೆಯಿದೆಯೆಂದು ಭಾವಿಸೋಣ. ಆ ಮನೆಯ ಮಗನು ವಿಚಾರಣೆಗೊಳಗಾಗಿ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿರುವನು. ಖಾನೇಷುಮಾರಿಯವನು ಬಾಗಿಲಿಗೆ ಬಂದು ಮನೆಮಂದಿಯ ಲೆಕ್ಕ ಕೇಳಿದಾಗ ತಾಯಿಯು ಮಗನನ್ನೂ ಸೇರಿಸಿ ಹೇಳಿದರೆ ಆತನು ಬರೆದುಕೊಳ್ಳುವಂತಿಲ್ಲ. ವಿದ್ಯಾರ್ಥಿನಿಲಯ, ಆಶ್ರಮಗಳವರಂತೆ ಸೆರೆಯವರನ್ನೂ ‘ಸಾಂಸ್ಥಿಕ ಕುಟುಂಬ’ವೆಂದು ಇದ್ದಲ್ಲಿಯೇ ಎಣಿಸುವುದು ಇದುವರೆಗಿನ ಪದ್ಧತಿ.

ಅಕ್ಕಿಬೇಳೆಗೆ ಹಣ ಮಂಜೂರು ಮಾಡುವುದಕ್ಕೆ ಈ ಲೆಕ್ಕ ಸರಿಯೇ. ಆದರೆ ಮತಕ್ಷೇತ್ರಗಳ ಗಡಿಯನ್ನೂ ಇದೇ ಲೆಕ್ಕದ ಮೇಲೆಯೇ ಎಳೆಯುತ್ತಾರೆ. 1951ರ ಪ್ರಜಾಪ್ರಾತಿನಿಧ್ಯ ಶಾಸನದ 62ನೆಯ ಕಲಮಿನಂತೆ, ಮುಂಜಾಗ್ರತೆಯ ಬಂಧನದಲ್ಲಿರುವವರ ಹೊರತು ಸೆರೆಯವರಾರೂ ಮತ ಕೊಡಕೂಡದು. ಸುಪ್ರೀಂ ಕೋರ್ಟು 1997ರಲ್ಲಿ ಇದನ್ನು ಎತ್ತಿಹಿಡಿದಿದೆ. (2013ರ ತಿದ್ದುಪಡಿಯಾದ ಮೇಲೆ ವಿಚಾರಣಾಧೀನನು ಸೆರೆಯೊಳಗಿಂದಲೇ ಚುನಾವಣೆಗೆ ನಿಲ್ಲಬಹುದು; ತನಗೆ ತಾನು ಮತ ಹಾಕಿಕೊಳ್ಳಲಾರ. ಇದರ ಮರ್ಮವನ್ನು ಬಲ್ಲವರೇ ಹೇಳಬೇಕು.) ಇದಕ್ಕಿಂತಲೂ ವಿಚಿತ್ರವಾದುದೆಂದರೆ, 1950ರ ಅದೇ ಹೆಸರಿನ ಶಾಸನದ 20ನೆಯ ಕಲಮು, ಸೆರೆಯಲ್ಲಿಟ್ಟ ಮಾತ್ರಕ್ಕೆ ಒಬ್ಬನನ್ನು ಆ ಸ್ಥಳದ ಸಾಮಾನ್ಯ ನಿವಾಸಿಯೆಂದು ತಿಳಿಯತಕ್ಕದ್ದಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಮತದಾರರ ಪಟ್ಟಿಯವರಿಗೆ ಅವನು ಪರಪ್ಪನ ಅಗ್ರಹಾರದವನಲ್ಲ. ಗಡಿ ಎಳೆಯುವವರಿಗೆ ಅಲ್ಲಿಯವನೇ. ಒಂದೇ ಸರ್ಕಾರದ ಎರಡು ಕಚೇರಿಗಳು ಒಬ್ಬನೇ ಮನುಷ್ಯನನ್ನು ಕುರಿತು ಹೀಗೆ ಬೇರೆ ಬೇರೆ ಮಾತನಾಡುವುದು ನ್ಯಾಯವೇ?

ನಾಲ್ಕೈದು ಸಾವಿರ ಜನರಿಂದ ಏನಾದೀತೆಂದು ಕೆಲವರು ಕೇಳಬಹುದು. ಲೋಕಸಭೆಯ ಕ್ಷೇತ್ರದಲ್ಲಿ ಏನೂ ಆಗದು, ವಿಧಾನಸಭೆಯದರಲ್ಲಿಯೂ ಹೆಚ್ಚೇನಿಲ್ಲ. ವಾರ್ಡಿನ ಮಾತು ಬೇರೆ. 2011ರ ಗಣತಿಯಂತೆ 84 ಲಕ್ಷದಷ್ಟಿದ್ದ ಬೆಂಗಳೂರನ್ನು 2025ರಲ್ಲಿ ಐದು ನಗರಪಾಲಿಕೆಗಳಾಗಿಯೂ 369 ವಾರ್ಡುಗಳಾಗಿಯೂ ಹಂಚಿದರು. ವಾರ್ಡಿಗೆ ಸರಾಸರಿ 23 ಸಾವಿರ ಜನ. ಸೆರೆಮನೆಯ ನಾಲ್ಕೈದು ಸಾವಿರವು ಇದರಲ್ಲಿ ಐದರಲ್ಲೊಂದು ಪಾಲಿನ ಆಸುಪಾಸು ಬರುತ್ತದೆ. ಗೋಡೆಯ ಹೊರಗಿನ ನಾಲ್ವರ ಮತಕ್ಕೆ ಬೇರೆಡೆಯ ಐವರ ಮತದ ತೂಕ! ವಸಂತಪುರದ ಆ ತಾಯಿಯ ಬೀದಿಯಾದರೋ ಒಂದು ತಲೆಯನ್ನು ಕಳೆದುಕೊಂಡಿತು.

ಅಮೇರಿಕೆಯ ಅಯೋವಾ ಸಂಸ್ಥಾನದ ಅನಮೋಸಾ ಎಂಬ ಪಟ್ಟಣದಲ್ಲಿ ಈ ಪದ್ಧತಿಯು ನಗೆಪಾಟಲಿಗೀಡಾಯಿತು. ಅಲ್ಲಿಯ ಒಂದು ವಾರ್ಡಿನಲ್ಲಿ ಬಹುಪಾಲು ಜನ ಸೆರೆಯವರೇ. 2005ರಲ್ಲಿ ಕೇವಲ ಎರಡು ಮತಗಳಿಂದ ಒಬ್ಬರು ಪುರಸಭೆಗೆ ಆರಿಸಿಬಂದರು. ಊರವರು ಕಡೆಗೆ ವಾರ್ಡುಗಳನ್ನೇ ತೆಗೆದುಹಾಕಿದರು. ನ್ಯೂಯಾರ್ಕ್ ಮತ್ತು ಮೇರಿಲೆಂಡ್ ಸಂಸ್ಥಾನಗಳು 2010ರಲ್ಲಿ ಶಾಸನ ಮಾಡಿ, ಕ್ಷೇತ್ರವಿಂಗಡಣೆಯ ಮಟ್ಟಿಗೆ ಸೆರೆಯವರನ್ನು ಅವರವರ ಮನೆಯ ವಿಳಾಸದಲ್ಲಿ ಎಣಿಸತಕ್ಕದ್ದೆಂದು ಗೊತ್ತುಮಾಡಿದವು.

ನಮ್ಮಲ್ಲಿಯೂ ಇದು ಅಸಾಧ್ಯವಲ್ಲ. ದೇಶದ ಸೆರೆಯವರಲ್ಲಿ ನಾಲ್ವರಲ್ಲಿ ಮೂವರು ಅಪರಾಧಿಗಳೆಂದು ಇನ್ನೂ ತೀರ್ಮಾನವಾಗದ ವಿಚಾರಣಾಧೀನರು. ಇಂದೋ ನಾಳೆಯೋ ಮನೆಗೆ ಮರಳತಕ್ಕವರು. ಅವರ ಊರು, ವಿಳಾಸಗಳು ಸೆರೆಮನೆಯ ದಾಖಲೆಗಳಲ್ಲಿ ಇದ್ದೇ ಇವೆ. 2027ರ ಮಾರ್ಚಿ 1ನೇ ತೇದಿಯನ್ನು ಆಧಾರವಾಗಿಟ್ಟು ಗಣತಿ ನಡೆಸುವುದಾಗಿ ಸರ್ಕಾರದವರು 2025ರ ಜೂನಿನಲ್ಲಿ ಗೆಜೆಟ್ಟಿನಲ್ಲಿ ಪ್ರಕಟಿಸಿರುವರು. ಕಾರಾಗೃಹಗಳಿಗೆಂದು ಒಂದು ಪ್ರತ್ಯೇಕ ತಖ್ತೆಯನ್ನು ಮಾಡಿಸಿ, ಪ್ರತಿಯೊಬ್ಬನ ಸ್ವಂತ ವಾರ್ಡನ್ನೋ ಗ್ರಾಮವನ್ನೋ ಅದರಲ್ಲಿ ನಮೂದಿಸಿ, ಗಡಿ ಎಳೆಯುವ ಆಯೋಗದವರಿಗೆ ಒಪ್ಪಿಸಬೇಕೆಂದು ನಾವು ಗಣತಿಯ ಅಧಿಕಾರಿಗಳನ್ನು ಒತ್ತಾಯಪೂರ್ವಕವಾಗಿ ಕೇಳುತ್ತೇವೆ. ಹೊಸ ಶಾಸನವಾಗುವವರೆಗೆ ಆ ತಖ್ತೆಯನ್ನು ಬಳಸಲು ಬಾರದೆಂದು ಆಯೋಗದವರು ಹೇಳುವುದಾದರೆ, ಅದನ್ನು ಜನರ ಮುಂದೆ ಬರೆದು ಹೇಳಲಿ.